ಇರುವೆಗಳು ಬಿಟ್ಟುಕೊಟ್ಟ ಉಸುಕು

ಹಿತ್ತಲ ಗೋಡೆಯ ಕೆಳಮೂಲೆಯಲ್ಲಿ ಮಾತ್ರ ಇಟ್ಟಿಗೆಗಳ ನಡುವಿನ ಸಂದು ಮೂರು ಬಣ್ಣದ್ದಾಗಿದೆಯಲ್ಲ, ಒಂದಿಷ್ಟು ಬೂದಿ, ಒಂದಿಷ್ಟು ಬಿಳಿ, ಒಂದಿಷ್ಟು ನಸುಗೆಂಪು, ಅದು ಯಾಕೆ ಎಂದು ನೀವಿಬ್ಬರೂ ಮೊನ್ನೆ ಕೇಳಿದಿರಿ. ನಾನು ರೊಟ್ಟಿ ಬಡಿಯುತ್ತಿದ್ದೆ. ಗವಂಡಿ ಹಾಗೆ ಮಾಡಿದ ಎಂದಷ್ಟೇ ಹೇಳಿ ಸುಮ್ಮನಾದೆ. ಬಾಯಿಂದ ಹೇಳುವುದಕ್ಕಿಂತ ಬರೆಯುವುದು ನನಗೆ ಸಲೀಸು. ಹಳ್ಳಿ ಸಾಲೆಯಲ್ಲಿ ಓದುವಾಗಲೂ ಹಾಗೆಯೇ. ಮಾಸ್ತರರು ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದೆ, ಪಾಟಿಯ ಮೇಲೆ ಮಾತ್ರ ಸರಿಯಾಗಿ ಬರೆದು ತೋರಿಸುತ್ತಿದ್ದೆ. ಅದಕ್ಕೇ ಇದನ್ನೂ ಬರೆದೇ ಕೊಡುತ್ತಿದ್ದೇನೆ.

ಆ ಗೋಡೆ ನಮ್ಮೊಬ್ಬರದೇ ಅಲ್ಲ. ಅದರ ಈಚೆ ನಾವು, ಆಚೆ ನೀವು ಆಯಿ ಎಂದು ಕರೆಯುವ ಬಾಜು ಮನೆಯ ಅಕ್ಕ. ಅವರು ಜೈನರು, ನಾವು ಲಿಂಗವಂತರು. ಎರಡೂ ಮನೆತನಗಳು ಬೆಳಗಾವಿ ಶಹಾಪುರದ ಈ ಓಣಿಯಲ್ಲಿ ಎಷ್ಟು ತಲೆಮಾರಿನಿಂದ ಇವೆಯೋ, ಗೋಡೆಯೂ ಸುಮಾರು ಅಷ್ಟೇ ಹಳೆಯದು. ಖಾನಾಪುರದ ಇಟ್ಟಿಗೆ, ಸುಣ್ಣದ ಗಾರೆ. ಎರಡೂ ಕಡೆಯ ಸೂರು ಅದಕ್ಕೇ ಒರಗಿದೆ, ಸೂರಿನ ಮೇಲಿನ ಭಾಗ ಮಾತ್ರ ಮಳೆಗೆ ಬಯಲು. ಅದರ ನಡುವೆ ಒಂದು ಕಿಂಡಿ. ನಿಮ್ಮ ಚೆಂಡು ಆಚೆ ಬಿದ್ದರೆ ಆಯಿ ಕೈಚಾಚಿ ಕೊಡುತ್ತಾರಲ್ಲ, ಅದೇ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಯಾರ ಮುಖ ನೋಡಿ ಮಾತಾಡಲೂ ಬರುತ್ತಿರಲಿಲ್ಲ. ಗುಂಜಿಯಂಥ ಕಾಡಂಚಿನ ಊರಿನವಳಿಗೆ ಪೇಟೆಯ ಹೆಂಗಸರೆಂದರೆ ಅಂಜಿಕೆ. ಒಂದು ದಿನ ಕಿಂಡಿಯಲ್ಲಿ ಹಿತ್ತಾಳೆಯ ಬಟ್ಟಲೊಂದು ಕಾಣಿಸಿತು. ಒಳಗೆ ಕಡಲೆಬೇಳೆಯ ಹೂರಣ. ಬಟ್ಟಲು ಹಿಡಿದ ಕೈ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮುಖ ಕಾಣದ್ದರಿಂದಲೇ ನನಗೆ ಬಾಯಿ ಬಂತು. ಮರುದಿನ ನಾನು ಆಲೂಗಡ್ಡೆ ಪಲ್ಯ ತುಂಬಿ ಬಟ್ಟಲು ತಿರುಗಿಸಿದೆ. ಅವರು ನೆಲದೊಳಗೆ ಬೆಳೆದ ಗಡ್ಡೆ ತಿನ್ನುವುದಿಲ್ಲ ಎಂದು ನನಗೇನು ಗೊತ್ತು? ಅಕ್ಕ ನಗಲಿಲ್ಲ, ಬೈಯಲಿಲ್ಲ. ಹಾಗೆಯೇ ತಿರುಗಿ ಕೊಟ್ಟು, "ಇದನ್ನ ನೀನ ಉಣ್ಣ, ನಾಳಿಗಿ ಹೀರಿಕಾಯಿ ಮಾಡು" ಅಂದರು. ಯಾವುದು ಆಚೆ ಹೋಗಬಹುದು, ಯಾವುದು ಹೋಗಬಾರದು, ಹೊತ್ತು ಮುಳುಗಿದರೆ ಅವರು ಉಣ್ಣುವುದಿಲ್ಲ, ದೀಪ ಹಚ್ಚಿದ ಮೇಲೆ ತಿನ್ನುವ ವಸ್ತುವನ್ನೇ ಕೊಡಬಾರದು ಎಂಬುದನ್ನೆಲ್ಲ ನಾನು ಆ ಬಟ್ಟಲಿನಿಂದಲೇ ಕಲಿತೆ.

ನಿಮ್ಮ ಅಜ್ಜ ಹೋದ ಮೇಲೆ ನಾನು ಬಹಳ ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿದರು. ಅಕ್ಕ ಮಾತ್ರ ದಿನಾ ಮುಂಜಾನೆ ಕಿಂಡಿಯ ಕಟ್ಟೆಯ ಮೇಲೆ ಬಟ್ಟಲು ಕುಟ್ಟಿ, "ಎದ್ದೀಯೇನ ತಂಗೀ?" ಎಂದು ಕೇಳುತ್ತಿದ್ದರು. ಅಷ್ಟೇ. ಉತ್ತರ ಕೊಡುವುದಕ್ಕಾದರೂ ಏಳಬೇಕಾಗುತ್ತಿತ್ತು. ಎದ್ದೆ.

ಇಷ್ಟು ಹೇಳಿದರೆ, ಆ ಗೋಡೆ ಒಡೆಯಬೇಕು ಎಂಬ ಮಾತು ಬಂದಾಗ ನನಗೆ ಏನಾಗಿರಬೇಕು ಎಂದು ನಿಮಗೆ ತಿಳಿದೀತು.

ಹಿಂದೆ ಯಾವಾಗಲೋ, ಊರೆಲ್ಲ ಸಿಮೆಂಟು ಬಳಿಯುವ ಕಾಲದಲ್ಲಿ, ಆ ಗೋಡೆಯ ಸಂದುಗಳಿಗೂ ಸಿಮೆಂಟು ತುಂಬಿದ್ದರು. ನೋಡಲು ಗಟ್ಟಿಯಾಗಿಯೇ ಇತ್ತು. ಆದರೆ ವರ್ಷ ಕಳೆದಂತೆ ಸಿಮೆಂಟು ಹಾಗೆಯೇ ಉಳಿದು ಇಟ್ಟಿಗೆ ಸವೆಯತೊಡಗಿತು. ಮುಂಜಾನೆ ಕಸ ಗುಡಿಸಿದರೆ ಗೋಡೆಯ ಬುಡದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು ಪುಡಿ. ಮಳೆಗಾಲದಲ್ಲಿ ಒಳಗೆಲ್ಲ ಹಸಿ. ಕೊನೆಗೆ ನಿಮ್ಮ ಅಪ್ಪನೂ ಅಕ್ಕನ ಮಗನೂ ಕೂಡಿ ಒಬ್ಬ ಎಂಜಿನಿಯರ್ ಹುಡುಗಿಯನ್ನು ಕರೆತಂದರು. ಅವಳು ಗೋಡೆಯನ್ನು ಎರಡೂ ಕಡೆಯಿಂದ ನೋಡಿ, ಅವಸರ ಮಾಡದೆ ತಿಳಿಸಿ ಹೇಳಿದಳು. ಮೆತ್ತನೆಯ ಇಟ್ಟಿಗೆಗೆ ಗಟ್ಟಿ ಸಿಮೆಂಟು ಒಗ್ಗಿಲ್ಲ, ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲದೆ ಅದು ಇಟ್ಟಿಗೆಯನ್ನೇ ತಿನ್ನುತ್ತಿದೆ. ಸಿಮೆಂಟು ಕೆತ್ತಿ ತೆಗೆದು ಸುಣ್ಣದ ಗಾರೆ ತುಂಬಿದರೆ ಗೋಡೆ ಉಳಿಯಬಹುದು, ಆದರೆ ಮಳೆಗಾಲದ ಮೊದಲೇ ಮುಗಿಯಬೇಕು. ಮೊದಲ ದೊಡ್ಡ ಮಳೆಗೆ ನೀರು ಒಳಗೆ ಬಂದರೆ ಮಾತ್ರ ಒಡೆದು, ಎರಡು ಮನೆಗೂ ಬೇರೆ ಬೇರೆ ಬ್ಲಾಕಿನ ಗೋಡೆ ಕಟ್ಟಿಕೊಳ್ಳುವುದೇ ಒಳ್ಳೆಯದು.

ಗಂಡಸರಿಬ್ಬರಿಗೂ ಒಡೆಯುವುದೇ ಸರಿ ಕಂಡಿತು. ಅವರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಆದರೆ ಎರಡು ಗೋಡೆ ಎದ್ದ ಮೇಲೆ ನಡುವೆ ಕಿಂಡಿ ಎಲ್ಲಿ ಉಳಿಯುತ್ತದೆ? ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಆಗ ಕಿಂಡಿಯಾಚೆಯಿಂದ ಅಕ್ಕನ ಧ್ವನಿ ಬಂತು. "ಮೊದಲ ರಿಪೇರಿ ಮಾಡಿ ನೋಡೂಣು. ಒಡಿಯೂದ ಏನ ದೊಡ್ಡದು, ಯಾವಾಗರೆ ಒಡೀಬಹುದು."

ಎರಡೂ ಮನೆಯ ಗೋಡೆ, ಒಬ್ಬರು ಒಲ್ಲೆನೆಂದರೆ ಮುಟ್ಟುವ ಹಾಗಿಲ್ಲ. ಹೀಗೆ ಗೋಡೆಗೆ ಮಳೆಗಾಲದ ತನಕ ಅವಧಿ ಸಿಕ್ಕಿತು.

ಗವಂಡಿಯನ್ನು ಹುಡುಕಿದ್ದು ಗುಂಜಿಯಲ್ಲಿರುವ ನನ್ನ ತಮ್ಮ. ಗವಂಡಿ ಖಾನಾಪುರದವನು, ತಲೆ ನರೆತ ಮನುಷ್ಯ, ಒಂದೇ ವಾಕ್ಯದಲ್ಲಿ ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುವವನು. ಬಂದವನೇ ಗೋಡೆಯ ಮೇಲೆ ಕೈಯಾಡಿಸಿ, "ನಿಮ್ಮ ದರ್ಜಾ ಪೂರಾ ಹಾಳಾಗೈತ್ರಿ" ಅಂದ. ನನಗೆ ಮುಖ ಕೆಂಪಾಯಿತು. ಗೋಡೆ ಕೆಟ್ಟಿದ್ದಕ್ಕೆ ಮನೆತನದ ದರ್ಜೆಯನ್ನೇಕೆ ಎತ್ತುತ್ತಾನೆ ಈತ? ಆಮೇಲೆ ಅಕ್ಕ ತಿಳಿಸಿದರು, ಗವಂಡಿಗಳ ಮಾತಿನಲ್ಲಿ ದರ್ಜಾ ಎಂದರೆ ಇಟ್ಟಿಗೆಗಳ ನಡುವಿನ ಸಂದು. ದರ್ಜಾ ತುಂಬುವುದೇ ಅವನ ಕೆಲಸ. ನಿಮ್ಮ ಅಪ್ಪ ಅವನನ್ನು, ಸುಣ್ಣದ ಕೆಲಸ ನಿಜವಾಗಿಯೂ ಬರುತ್ತದೆಯೋ ಎಂದು ಕೇಳಿದಾಗ ಅವನು, "ಊರಾಗ ಎಲ್ಲಾರೂ ಮಂದೀಗ ಚುನಾ ಹಚ್ಚತಾರ್ರಿ ಸಾಹೇಬ್ರ. ಗ್ವಾಡಿಗಿ ಚುನಾ ಹಚ್ಚಾವ ನಾ ಒಬ್ಬನ" ಅಂದ. ಚುನಾ ಎಂದರೆ ಸುಣ್ಣ, ಚುನಾ ಹಚ್ಚುವುದೆಂದರೆ ಮೋಸ ಮಾಡುವುದು ಎಂದು ಬೆಳಗಾವಿಯಲ್ಲಿ ಯಾರಿಗೆ ಗೊತ್ತಿಲ್ಲ? ಆಚೆ ಅಕ್ಕ ನಕ್ಕಿದ್ದು ಕಿಂಡಿಯಲ್ಲಿ ಕೇಳಿಸಿತು.

ಅವನು ಮೊದಲು ಸಿಮೆಂಟು ಕೆತ್ತಿ ತೆಗೆದ. ಉಳಿಯನ್ನು ಓರೆಯಾಗಿ ಹಿಡಿದು, ಇಟ್ಟಿಗೆಯ ಅಂಚಿಗೆ ಪೆಟ್ಟು ಬೀಳದ ಹಾಗೆ. ಬಾಯಿ ಎಷ್ಟು ಜೋರೋ ಕೈ ಅಷ್ಟೇ ಮೆಲ್ಲಗೆ. ಆಮೇಲೆ ಮೂಲೆಯಲ್ಲಿ ಒಂದಿಷ್ಟು ಸಂದಿಗೆ ನಮೂನೆ ತುಂಬಿದ. ಸುಣ್ಣದ ಜೊತೆ ರೂಢಿಯಂತೆ ಒಂದು ಹಿಡಿ ಸಿಮೆಂಟೂ ಬೆರೆಸಿದ್ದ. ಗಟ್ಟಿ ಬರಲೆಂದು ಹಾಕಿದೆ ಎಂದ. ಅದು ಆರಿದ ಮೇಲೆ ಅಕ್ಕ ತಮ್ಮ ಬೀಗದ ಕೈಯಿಂದ ಗೀರಿ ನೋಡಿದರು. ಇಟ್ಟಿಗೆಗೆ ಗೀರು ಬಿತ್ತು, ಗಾರೆಗೆ ಬೀಳಲಿಲ್ಲ. ಇಬ್ಬರ ನಡುವೆ ನಿಲ್ಲುವವರು ಇಬ್ಬರಿಗಿಂತ ಮೆತ್ತಗಿರಬೇಕು ಎಂದರು ಅಕ್ಕ. ಎಂಜಿನಿಯರ್ ಹುಡುಗಿ ಹೇಳಿದ್ದೂ ಅದೇ ಅರ್ಥದ ಮಾತು. ಗವಂಡಿ ಒಪ್ಪಿದ. ಆ ಬೂದಿ ಬಣ್ಣದ್ದು ಇದೇ.

ಎರಡನೆಯ ನಮೂನೆಗೆ ಸಿಮೆಂಟಿಲ್ಲ, ಬರೀ ಸುಣ್ಣ ಮತ್ತು ಅಂಗಡಿಯ ಎಂ ಸ್ಯಾಂಡು, ಅಂದರೆ ಯಂತ್ರದಲ್ಲಿ ಕಲ್ಲು ಒಡೆದು ಮಾಡಿದ ಪುಡಿ. ಅದು ಆರಿ ಬೆಳ್ಳಗೆ ಹೊಳೆಯಿತು, ಕೂದಲೆಳೆಯಂಥ ಬಿರುಕುಗಳೂ ಕಾಣಿಸಿದವು. ಕೆಂಪು ಗೋಡೆಯ ಮೇಲೆ ಮೂರು ಬಿಳಿ ಗೆರೆ.

"ತಂಗೀ, ಗ್ವಾಡಿ ವಿಭೂತಿ ಹಚಗೊಂಡ ನಿಮ್ಮ ಮತಾ ಸೇರಿತು ನೋಡು" ಅಂದರು ಅಕ್ಕ.

ನಾನು ಎಷ್ಟು ನಕ್ಕೆನೆಂದರೆ ಗವಂಡಿ ಗಾರೆ ತುಂಬುವ ಕರಣಿ ಕೆಳಗಿಟ್ಟು ನನ್ನನ್ನೇ ನೋಡಿದ. ಅದುವರೆಗೆ ಅವನಿಗೆ ನನ್ನ ಧ್ವನಿ ಹೇಗಿದೆಯೆಂದೇ ಗೊತ್ತಿರಲಿಲ್ಲ.

ಅವನು ಗೋಡೆಯ ಒಳಗಿನಿಂದ ಹಳೆಯ ಗಾರೆಯ ಒಂದು ಹೆಂಟೆ ತೆಗೆದು ಅಂಗೈಯಲ್ಲಿ ಹಿಸುಕಿ ತೋರಿಸಿದ. ಸುಣ್ಣದೊಳಗೆ ದುಂಡು ದುಂಡು ಉಸುಕಿನ ಕಣ, ನಡುನಡುವೆ ಕೆಂಪು ಪುಡಿ. ಹಿಂದಿನವರು ಮಲಪ್ರಭೆಯ ಉಸುಕಿಗೆ ಹಂಚಿನ ಪುಡಿ ಬೆರೆಸಿದ್ದರು. ಅಂಥ ಉಸುಕು ಈಗೆಲ್ಲಿ ಸಿಗುತ್ತದೆ, ಹೊಳೆಗೆ ಹೋಗಿ ತುಂಬಿಕೊಂಡು ಬರುವ ಕಾಲ ಮುಗಿಯಿತು ಎಂದು ಎಲ್ಲರೂ ಮುಖ ಸಪ್ಪಗೆ ಮಾಡಿದರು. ನನಗೆ ತಮ್ಮನ ಹಿತ್ತಲು ನೆನಪಾಯಿತು. ಅವನು ಮನೆ ಕಟ್ಟಿಸಿದಾಗ ಉಳಿದ ಹೊಳೆಯ ಉಸುಕು ಗೇರುಮರದ ಬುಡದಲ್ಲಿ ಇನ್ನೂ ರಾಶಿಯಾಗಿ ಬಿದ್ದಿತ್ತು.

"ಗುಂಜ್ಯಾಗ ಐತಿ" ಅಂದೆ. ಗಂಡಸರ ನಡುವೆ, ಯಾರೂ ಕೇಳದೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು.

ಇನ್ನು ಸುಣ್ಣದ ವಿಷಯ. ನಮೂನೆಗೆ ಅಂಗಡಿಯ ಸುಣ್ಣದ ಪುಡಿ ಸಾಕಾಗಿತ್ತು, ಇಡೀ ಗೋಡೆಗೆ ಅದು ಸಾಲದು. ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಬೇಕು. ಪೀಪಾಯಿಗೆ ನೀರು ತುಂಬಲು ಗವಂಡಿ ಅಕ್ಕನ ಬಾವಿಗೆ ಕೊಡ ಇಳಿಸಿದ. ಅಕ್ಕ ತಡೆದರು. ಸೋಸದ ನೀರನ್ನು ಅವರು ಕುಡಿಯುವುದೂ ಇಲ್ಲ, ಕಾಯಿಸುವುದೂ ಇಲ್ಲ. ಸುಣ್ಣ ಬಿದ್ದರೆ ನೀರು ಕೊತಕೊತ ಕುದಿಯುತ್ತದೆ, ಅದರೊಳಗಿನ ಜೀವಗಳ ಗತಿ ಏನು? ಬಿಳಿ ಧೋತರವನ್ನು ಎರಡು ಪದರು ಮಡಚಿ ಪೀಪಾಯಿಯ ಬಾಯಿಗೆ ಕಟ್ಟಿ, ಕೊಡ ಕೊಡವನ್ನೂ ತಾವೇ ಸೋಸಿದರು. ಬಟ್ಟೆಯ ಮೇಲೆ ಉಳಿದುದನ್ನು ಸೋಸಿದ ನೀರಿನಿಂದಲೇ ಜಾಲಾಡಿಸಿ, ಮೆಲ್ಲಗೆ ಬಾವಿಗೇ ಇಳಿಬಿಟ್ಟರು. ಎಪ್ಪತ್ತು ದಾಟಿದ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿ ಒಂದು ಗೋಡೆಗಾಗಿ ಪೀಪಾಯಿ ನೀರು ಸೋಸುವುದನ್ನು ನಾನು ಕಿಂಡಿಯಿಂದ ನೋಡುತ್ತಲೇ ನಿಂತೆ. ನನ್ನ ಪೂಜೆ ಅಂದು ತಡವಾಯಿತು.

ಗವಂಡಿಗೆ ಇನ್ನೊಂದು ಬಯಕೆಯಿತ್ತು. ಅವನ ಅಪ್ಪ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದನಂತೆ, ಅಂಟು ಬರಲೆಂದು. ಒಂದು ಬೆಲ್ಲದ ಹೆಂಟೆ ತರಿಸಿ ಕಿಂಡಿಯ ಕಟ್ಟೆಯ ಮೇಲೆ ಇಟ್ಟಿದ್ದ. ಅಕ್ಕ ಅದಕ್ಕೂ ಒಪ್ಪಲಿಲ್ಲ. ಬೆಲ್ಲದ ವಾಸನೆಗೆ ಇರುವೆ ಬರುತ್ತವೆ, ಹಸಿ ಸುಣ್ಣಕ್ಕೆ ಸಿಕ್ಕು ಸಾಯುತ್ತವೆ. ಸಂದು ತುಂಬಲು ಬೆಲ್ಲ ಇರಲೇಬೇಕೆಂದಿಲ್ಲ ಎಂದು ಅವನೇ ಕೈಬಿಟ್ಟ. ಹೆಂಟೆ ಅಲ್ಲೇ ಉಳಿಯಿತು.

ಉಸುಕು ನೋಡಲು ಗವಂಡಿಯ ಜೊತೆ ನಾನೂ ಅಕ್ಕನೂ ರೈಲಿನಲ್ಲಿ ಹೊರಟೆವು. ಇಷ್ಟು ವರ್ಷ ಗೋಡೆಯ ಆಚೆ ಈಚೆ ಇದ್ದೂ ನಾವಿಬ್ಬರು ಪಕ್ಕಪಕ್ಕ ಕುಳಿತು ಊರಿಗೆ ಹೋದದ್ದು ಅದೇ ಮೊದಲು. ಅಕ್ಕ ಸೋಸಿದ ನೀರಿನ ತಂಬಿಗೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಕಟ್ಟೆಯ ಮೇಲಿದ್ದ ಬೆಲ್ಲವನ್ನೂ ಚೀಲಕ್ಕೆ ಹಾಕಿಕೊಂಡಿದ್ದರು, ತಮ್ಮನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು. ಖಾನಾಪುರ ದಾಟಿ ಕಾಡು ಶುರುವಾದದ್ದೇ ನನಗೆ ಮಾತು ಶುರುವಾಯಿತು. ಅಲ್ಲಿ ನಮ್ಮ ಸಾಲೆ, ಅಲ್ಲಿ ಕರವಂದಿ ಹಣ್ಣಿನ ಪೊದೆ, ಅಲ್ಲಿ ನಾನು ಎಮ್ಮೆ ಕಳೆದುಕೊಂಡು ಅತ್ತ ಜಾಗ ಎಂದು ಹೇಳುತ್ತಲೇ ಹೋದೆ. "ಇಷ್ಟ ವರ್ಷ ಈ ಮಾತೆಲ್ಲಾ ಎಲ್ಲಿ ಬಚ್ಚಿಟ್ಟಿದ್ದಿ? ಕಿಂಡ್ಯಾಗ ಹಿಡೀತಿರಲಿಲ್ಲೇನ?" ಎಂದು ಕೇಳಿದರು ಅಕ್ಕ.

ಉಸುಕು ಬಹಳ ಚೆನ್ನಾಗಿತ್ತು. ಗವಂಡಿ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಉಜ್ಜಿ ಕೇಳಿ, ಹಲ್ಲು ಬಿಟ್ಟು ನಕ್ಕ. ಆದರೆ ಅವನು ಹಿಡಿ ತೆಗೆದ ಜಾಗದಿಂದ ಇರುವೆಗಳ ಸಾಲು ಹೊರಟಿತು. ಬಾಯಲ್ಲಿ ಬಿಳಿ ಮೊಟ್ಟೆ. ಉಸುಕಿನ ರಾಶಿಯ ಒಳಗೆಲ್ಲ ಅವುಗಳ ಗೂಡು.

ಅಕ್ಕ ಚಪ್ಪಲಿ ಬಿಟ್ಟು ಹಿಂದೆ ಸರಿದರು. ಅವು ತಾವಾಗಿ ಹೋಗುವ ತನಕ ಉಸುಕು ಮುಟ್ಟುವುದು ಬೇಡ ಎಂದುಬಿಟ್ಟರು.

ಗವಂಡಿ ತಲೆಯ ಮೇಲೆ ಕೈ ಹೊತ್ತ. "ಮಾವಶಿ, ಮಳಿ ಬಂದ ನಿಂತೈತಿ. ಇರುವಿಗೋಳಿಗೆ ಮನಿ ಖಾಲಿ ಮಾಡ್ರಿ ಅಂತ ನೋಟೀಸ್ ಕೊಡೂಣೇನ?"

ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ಆ ವಾರವೇ ಬೆಳಗಾವಿಯಲ್ಲಿ ಒಂದು ಅಡ್ಡಮಳೆ ಆಗಿತ್ತು. ಸಿಮೆಂಟು ಕೆತ್ತಿದ ಗೋಡೆ ಹಲ್ಲು ಉದುರಿದ ಬಾಯಿಯ ಹಾಗೆ ನಿಂತಿತ್ತು. ಹೀಗೆಯೇ ಮಳೆಗಾಲ ಹಿಡಿದರೆ ನೀರು ನೇರ ಒಳಗೆ ಬರುತ್ತದೆ, ಆಮೇಲೆ ಒಡೆಯಬೇಡಿ ಎನ್ನಲು ಯಾರಿಗೂ ಬಾಯಿರುವುದಿಲ್ಲ. ಇರುವೆಗಾಗಿ ಕಿಂಡಿ ಹೋಗುತ್ತದಲ್ಲ ಎಂದು ಒಳಗೊಳಗೇ ಸಿಟ್ಟೂ ಬಂತು. ಅಕ್ಕನ ಮೇಲೆ ನನಗೆ ಸಿಟ್ಟು ಬಂದದ್ದು ಅದೊಂದೇ ಸಲ. ನಾನು ಮುಖ ತಿರುಗಿಸಿ ಉದುರಿದ ಗೇರೆಲೆ ಆಯತೊಡಗಿದೆ, ಅಕ್ಕನಿಗೆ ಅಷ್ಟರಲ್ಲೇ ತಿಳಿಯಿತು.

ನನ್ನನ್ನು ಗೇರುಮರದ ಆಚೆ ಕರೆದು, "ನನಗೂ ಕಿಂಡಿ ಬೇಕ ತಂಗೀ. ನಿನಗಿಂತ ಹೆಚ್ಚ ಬೇಕು. ಖರೇ, ಅವುಗಳ ಮನಿ ಮುರದು ನಮ್ಮ ಗ್ವಾಡಿ ಹ್ಯಾಂಗ ಉಳಿಸಿಕೊಳ್ಳೂದು?" ಅಂದರು.

ನಿನಗಿಂತ ಹೆಚ್ಚು ಬೇಕು ಎಂದರಲ್ಲ, ಅದನ್ನು ನಾನು ಎಂದೂ ಯೋಚಿಸಿರಲಿಲ್ಲ. ಕೊಡುವವರು ಅವರು, ತೆಗೆದುಕೊಳ್ಳುವವಳು ನಾನು ಎಂದೇ ತಿಳಿದಿದ್ದೆ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಕ್ಕ ಚೀಲದಿಂದ ಬೆಲ್ಲ ತೆಗೆದರು. ಮರದ ಆಚೆ ಬದಿಗೆ, ಬೇರಿನ ಸಂದಿಯ ಮೆತ್ತನೆಯ ಮಣ್ಣಿನಲ್ಲಿ ಒಂದು ಚೂರು ಇಟ್ಟು, ಅಲ್ಲಿಂದ ಉಸುಕಿನ ತನಕ ಪುಡಿ ಉದುರಿಸಿದರು. ಉಳಿದುದನ್ನು ತಮ್ಮನ ಕೈಗೆ ಕೊಟ್ಟು, ದಿನಾ ಒಂದೊಂದು ಚೂರು ಇಡಬೇಕು, ಉಸುಕಿನ ಮೇಲಿನ ಪದರನ್ನು ಕೈಯಿಂದ ಮೆಲ್ಲಗೆ ಸರಿಸುತ್ತಾ ಹೋಗಬೇಕು, ಸಲಿಕೆ ಮುಟ್ಟಿಸಬಾರದು ಎಂದು ಹೇಳಿದರು. ತಮ್ಮ ಹೂಂ ಅಂದ. ಗಾರೆಗೆಂದು ತಂದ ಬೆಲ್ಲ ಹೀಗೆ ಇರುವೆಗಳ ಪಾಲಾಯಿತು.

ತಿರುಗಿ ಬರುವಾಗ ಖಾನಾಪುರದಲ್ಲಿ ಇಳಿದು ಹಂಚು ಸುಡುವ ಒಂದು ಭಟ್ಟಿಯಿಂದ ಒಡಕು ಹಂಚು ತುಂಬಿಕೊಂಡೆವು. ಮುಂದಿನ ರೈಲು ತಡವಾಗಿ, ಶಹಾಪುರ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಂದರೆ ಅಕ್ಕನಿಗೆ ಆ ದಿನ ಊಟವಿಲ್ಲ. ಅದನ್ನು ಅವರು ಆಡಿಯೂ ತೋರಿಸಲಿಲ್ಲ. ನಾಳೆ ಹಂಚು ಕುಟ್ಟಲು ನಿನ್ನ ಒರಳು ಕೊಡುತ್ತೀಯೇನು ಎಂದು ಮಾತ್ರ ಕೇಳಿದರು.

ಆಮೇಲೆ ಕಾಯುವುದು. ನಾನು ಹಳೆಯ ಒರಳಿನಲ್ಲಿ ಹಂಚು ಕುಟ್ಟಿ ಸಾಣಿಗೆಯಲ್ಲಿ ಹಿಡಿದೆ. ದಿನಾ ಮುಂಜಾನೆ ತಮ್ಮನಿಗೆ ಫೋನು. ಇನ್ನೂ ಇವೆ ಎನ್ನುತ್ತಿದ್ದ. ಮೋಡ ಕಟ್ಟಿದಾಗಲೆಲ್ಲ ನಿಮ್ಮ ಅಪ್ಪ ಗೋಡೆ ನೋಡುತ್ತಿದ್ದ, ನಾನು ನಿಮ್ಮ ಅಪ್ಪನ ಮುಖ ನೋಡುತ್ತಿದ್ದೆ. ಕೊನೆಗೊಂದು ದಿನ ತಮ್ಮನೇ ಫೋನು ಮಾಡಿದ. ಇರುವೆಗಳು ಮೊಟ್ಟೆ ಹೊತ್ತು ಮರದ ಆಚೆ ಬದಿಗೆ ಹೋಗಿ ಅಲ್ಲೇ ಹೊಸ ಗೂಡು ಹಾಕಿವೆ, ಉಸುಕು ತಳದ ತನಕ ಸರಿಸಿ ನೋಡಿದೆ, ಒಂದೂ ಇಲ್ಲ ಎಂದ. ಅವನ ಧ್ವನಿಯಲ್ಲಿ ಮಗಳ ಮದುವೆ ಮುಗಿಸಿದಂಥ ಸಮಾಧಾನವಿತ್ತು.

ಉಸುಕು ಟೆಂಪೋದಲ್ಲಿ ಬಂತು. ಅಷ್ಟು ದಿನ ನೀರಿನಡಿಯಲ್ಲಿ ನೆನೆದ ಸುಣ್ಣ ಬೆಣ್ಣೆಯ ಹಾಗೆ ಆಗಿತ್ತು. ಬೆರಳಲ್ಲಿ ತಿಕ್ಕಿದರೆ ಒಂದು ಹರಳು ಸಿಗಲಿಲ್ಲ. ಅವಸರದ ಸುಣ್ಣದಲ್ಲಿ ಅರಳದ ಹರಳು ಉಳಿದು, ಆಮೇಲೆ ಗೋಡೆಯಲ್ಲಿ ಅರಳಿ ಗಾರೆಯನ್ನು ಸಿಡಿಸುತ್ತದಂತೆ. ಅದಕ್ಕೇ ತಾನು ತಡ ಮಾಡಿದ್ದು ಎಂದು ಗವಂಡಿ ನಿಮ್ಮ ಅಪ್ಪನ ಮುಂದೆ ಗಂಭೀರವಾಗಿ ಹೇಳಿದ. ಅಕ್ಕನೂ ನಾನೂ ಕಿಂಡಿಯಲ್ಲಿ ಮುಖ ಮುಖ ನೋಡಿಕೊಂಡೆವು.

ಕಲಸಿದ್ದನ್ನು ನೀವು ನೋಡಬೇಕಿತ್ತು. ಮೊದಲು ಉಸುಕು ಮತ್ತು ಹಂಚಿನ ಪುಡಿ ಒಣಗಿದ್ದಂತೆಯೇ ಬೆರೆಸಿದ. ಆಮೇಲೆ ನಡುವೆ ಸುಣ್ಣ. ಮುದ್ದೆ ಬಿರುಸಾಗಿ ಕಂಡಿತು, ಇದಕ್ಕೆ ನೀರು ಸಾಲದು ಎಂದೇ ನಾನು ತಿಳಿದೆ. ಅವನು ಹನಿ ನೀರು ಹಾಕಲಿಲ್ಲ. ದಪ್ಪ ಕಟ್ಟಿಗೆಯಿಂದ ಕುಟ್ಟಿದ, ಮಗುಚಿದ, ಮತ್ತೆ ಕುಟ್ಟಿದ. ಕುಟ್ಟುತ್ತ ಕುಟ್ಟುತ್ತ ಮುದ್ದೆ ತಾನಾಗಿ ಹಸಿಯಾಗಿ, ನುಣುಪಾಗಿ ಹೊಳೆಯತೊಡಗಿತು. ಜೋಳದ ಹಿಟ್ಟು ನಾದಿದಷ್ಟೂ ಮೆತ್ತಗಾಗುವುದಿಲ್ಲವೇ, ಹಾಗೆ. ಕೈಯಲ್ಲಿ ಉಂಡೆ ಮಾಡಿದರೆ ಉಂಡೆಯಾಗಿ ನಿಂತಿತು, ಕರಣಿಗೆ ಅಂಟಿ ತಲೆಕೆಳಗೆ ಹಿಡಿದರೂ ಬೀಳಲಿಲ್ಲ. ಆರಿದ ಮೇಲೆ ಹಳೆಯ ಗಾರೆಯದೇ ಬಣ್ಣ. ಮೂರನೆಯ, ನಸುಗೆಂಪು ನಮೂನೆ ಅದು. ಈ ಸಲ ಅಕ್ಕನ ಬೀಗದ ಕೈಗೆ ಇಟ್ಟಿಗೆಗಿಂತ ಗಾರೆಯೇ ಹೆಚ್ಚು ಗೀರಿತು.

ಗೋಡೆಗೆ ನೀರು ಚಿಮುಕಿಸಿ, ಕಿರಿದಾದ ಕರಣಿಯಿಂದ ಗಾರೆಯನ್ನು ಸಂದಿಯೊಳಗೆ ಒತ್ತಿ ಒತ್ತಿ ತುಂಬಿದ. ಇಟ್ಟಿಗೆಯ ಮೇಲೆ ಬಳಿಯಲಿಲ್ಲ. ಬಿಸಿಲಿಗೆ ಬೇಗ ಆರಬಾರದೆಂದು ಹಸಿ ಗೋಣಿಚೀಲ ಇಳಿಬಿಟ್ಟೆವು. ಚೀಲ ತೋಯಿಸುವ ಕೆಲಸ ನಮ್ಮಿಬ್ಬರದು, ಆಚೆ ಅಕ್ಕ, ಈಚೆ ನಾನು. ಕಿಂಡಿಯ ಸುತ್ತಲಿನ ಸಂದುಗಳನ್ನು ಅವನು ಕೊನೆಗೆ ತುಂಬಿದ. ಮುಗಿಸಿ ಕೈ ತೊಳೆಯುತ್ತಾ, ಈಗ ನಿಮ್ಮ ದರ್ಜಾ ಫಸ್ಟ್ ಕ್ಲಾಸ್ ಆಯಿತು ಎಂದ. ಈ ಸಲ ನನಗೆ ಅರ್ಥವಾಗಿತ್ತು.

ಚೀಲ ತೆಗೆದ ಸ್ವಲ್ಪ ದಿನಕ್ಕೆ ಮಳೆ ಬಂತು. ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ನೀವು ಸಾಲೆಯಲ್ಲಿದ್ದಿರಿ. ನಾನು ಗೋಡೆಯ ಮುಂದೆ ಮಣೆ ಹಾಕಿಕೊಂಡು ಕುಳಿತೆ. ಮಧ್ಯಾಹ್ನ ಕಳೆಯಿತು. ಎದ್ದು ಗೋಡೆಗೆ ಅಂಗೈ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಸವರಿದೆ. ತಂಪಿತ್ತು, ಹಸಿ ಇರಲಿಲ್ಲ. ಬುಡದಲ್ಲಿ ಕೆಂಪು ಪುಡಿಯೂ ಇರಲಿಲ್ಲ. ಎಂಜಿನಿಯರ್ ಹುಡುಗಿ ಆಮೇಲೆ ಬಂದು ಹಾಗೆಯೇ ಕೈಯಿಟ್ಟು ನೋಡಿ, ಒಡೆಯುವ ಮಾತು ಬಿಡಿ ಎಂದು ನಿಮ್ಮ ಅಪ್ಪನಿಗೆ ಹೇಳಿ ಹೋದಳು. ಆದರೆ ನನಗೆ ಆ ಮಧ್ಯಾಹ್ನವೇ ಗೊತ್ತಾಗಿತ್ತು.

ಒಳಗೆ ಹೋಗಿ ಹಿತ್ತಾಳೆ ಬಟ್ಟಲು ತಂದು ಕಿಂಡಿಯ ಕಟ್ಟೆಯ ಮೇಲೆ ಕುಟ್ಟಿದೆ. ಇಷ್ಟು ವರ್ಷಗಳಲ್ಲಿ ಮೊದಲು ಕುಟ್ಟುವವರು ಯಾವಾಗಲೂ ಅಕ್ಕನೇ.

"ಯಾಕ ತಂಗೀ?" ಅಂದರು.

"ಒಣಗೇ ಐತ್ರಿ ಅಕ್ಕಾ, ನಮ್ಮ ಕಡೆ."

"ನಮ್ಮ ಕಡೀನೂ" ಅಂದರು. ಅವರೂ ಅಲ್ಲೇ ಗೋಡೆಗೆ ಕೈಯಿಟ್ಟುಕೊಂಡೇ ನಿಂತಿದ್ದರು ಎಂದು ಧ್ವನಿಯಿಂದ ತಿಳಿಯಿತು. ಮಳೆ ಜೋರಾಯಿತು.

"ಗುಂಜ್ಯಾಗ ಇನ್ನೂ ಜೋರ ಇದ್ದೀತು" ಅಂದರು ಅಕ್ಕ. "ನಿನ್ನ ತಮ್ಮಗ ಫೋನ್ ಹಚ್ಚು. ಹೊಸಾ ಮನ್ಯಾಗ ಅವು ಹ್ಯಾಂಗ ಅದಾವ ಕೇಳು."

ನಾನು ಫೋನು ಹಚ್ಚಿದೆ.